ಬೀಳದ ಪಟ್ಟಿ ಮತ್ತು ಹದಿನಾಲ್ಕು ಟ್ರೇ ಪುಳಿಯೋಗರೆ

ನಮ್ಮ ಅಪ್ಪ ಟೆಕ್ಸಸ್‌ನಲ್ಲಿ, ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನ ಒಂದು ಕ್ಲೌಡ್ ಹೋಸ್ಟಿಂಗ್ ಕಂಪನಿಯಲ್ಲಿ ಎಂಜಿನಿಯರ್. ಅಂದರೆ ಬೇರೆಯವರ ವೆಬ್‌ಸೈಟ್‌ಗಳನ್ನು ಕಂಪನಿಯ ಕಂಪ್ಯೂಟರ್‌ಗಳಲ್ಲಿ ಇಟ್ಟುಕೊಂಡು, ಅವು ಬೀಳದಂತೆ ಕಾಯುವ ಕೆಲಸ. ನಾಮಕರಣದ ದಿನ ಅವರು ನನ್ನ ಕಿವಿಯಲ್ಲಿ ಹೆಸರಿನ ಬದಲು ‘ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತೊಂಬತ್ತು’ ಅಂದಿರಬೇಕು ಎಂಬ ಅನುಮಾನ ನನಗೆ ಬಲವಾಗಿದೆ. ನೂರರಲ್ಲಿ ಅಷ್ಟು ಪಾಲು ಹೊತ್ತು ಸೈಟ್ ಎದ್ದೇ ಇರುತ್ತದೆ ಎಂಬುದು ಕಂಪನಿ ಗಿರಾಕಿಗಳಿಗೆ ಕೊಟ್ಟ ಮಾತು. ಲೆಕ್ಕ ಹಾಕಿದರೆ, ವರ್ಷವಿಡೀ ಬೀಳಬಹುದಾದದ್ದು ಐವತ್ಮೂರು ನಿಮಿಷ. ಭಾನುವಾರ ಸ್ನಾನಕ್ಕೆ ಹೋದರೆ ಅಪ್ಪನೇ ಅದಕ್ಕಿಂತ ಹೆಚ್ಚು ಹೊತ್ತು ಡೌನ್ ಆಗಿರುತ್ತಾರೆ.

ಪ್ರತಿ ಯುಗಾದಿಗೆ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆಯ ಕನ್ನಡದವರು ಆಸ್ಟಿನ್ ಬಳಿಯ ರೌಂಡ್ ರಾಕ್ ಎಂಬ ಊರಿನ ಒಂದು ಸ್ಕೂಲ್ ಹಾಲ್‌ನಲ್ಲಿ ಸೇರುತ್ತೇವೆ. ಒಂದೊಂದು ಮನೆಯವರು ಒಂದೊಂದು ಅಡುಗೆ ತರಬೇಕು. ಯಾರು ಏನು ತರುತ್ತಾರೆ ಎಂಬ ಪಟ್ಟಿ ಇರುತ್ತಿದ್ದದ್ದು ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನ ಒಬ್ಬ ಆಂಟಿಯ ಡೈರಿಯಲ್ಲಿ. ಧಾರವಾಡದ ಈ ಆಂಟಿ ತಿಂಗಳ ಮೊದಲೇ ಮನೆಮನೆಗೆ ಫೋನ್ ಮಾಡಿ, ಹೋಳಿಗೆ ನಿಮ್ಮದು, ಕೋಸಂಬರಿ ಅವರದು ಎಂದು ಬರೆದುಕೊಳ್ಳುತ್ತಿದ್ದರು. ಆ ಡೈರಿಯನ್ನು ಹಿಂಡಿದರೆ ಬರುವ ಎಣ್ಣೆಯಲ್ಲಿ ಒಂದು ಬಾಣಲೆ ಬಜ್ಜಿ ಕರಿಯಬಹುದಿತ್ತು.

ಇದೇ ಆಂಟಿ ನನ್ನ ಬಾಳಿನ ಗೋಳು ಕೂಡ. ಎಲ್ಲಿ ಸಿಕ್ಕರೂ ಹತ್ತು ಜನರ ಮುಂದೆ ನಿಲ್ಲಿಸಿ, “ಒಂದೆರಡು ಮಾತು ಕನ್ನಡದಾಗ ಆಡು ನೋಡೂಣು” ಅನ್ನುವವರು. ಆಗ ನನಗೆ ಹದಿನಾರು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು. ಬಾಯಿಂದ ಹೊರಬರುತ್ತಿದ್ದದ್ದು ಮಾತ್ರ ‘ಸಾಕು’, ‘ಬೇಡ’, ‘ಅಮ್ಮ ಎಲ್ಲಿ’.

ಆ ಚಳಿಗಾಲ ಅವರ ಮನೆಗೆ ಹೋಗಿದ್ದಾಗ, ಈ ಡೈರಿ ಶಿಲಾಯುಗದ್ದು, ನಾನೊಂದು ವೆಬ್‌ಸೈಟ್ ಮಾಡಿಕೊಡುತ್ತೇನೆ, ಜನ ಅದರಲ್ಲಿ ಹೆಸರು ಹಾಕಲಿ, ಯಾವ ಅಡುಗೆ ಯಾರದು ಎಂದು ಅದೇ ಹಂಚುತ್ತದೆ ಎಂದು ಇಂಗ್ಲಿಷಿನಲ್ಲಿ ಭಾಷಣ ಬಿಗಿದೆ. ಹಿಂದಿನ ಸಂಜೆ ಪ್ರತಿಯೊಬ್ಬರಿಗೂ ಅವರವರ ಅಡುಗೆಯನ್ನು ತಿಳಿಸುವ ಮೆಸೇಜ್ ತಾನಾಗಿ ಹೋಗುತ್ತದೆ ಎಂದೂ ಸೇರಿಸಿದೆ. ಸೈಟನ್ನು ತಮ್ಮ ಕಂಪನಿಯ ಕ್ಲೌಡ್‌ನಲ್ಲೇ ಇಡೋಣ, ಅದು ಬೀಳುವ ಮಾತೇ ಇಲ್ಲ ಎಂದು ಅಪ್ಪ ದನಿಗೂಡಿಸಿದರು. ಒಂದು ಪ್ರಿಂಟ್ ತೆಗೆದಿಡಬಾರದೇ ಎಂದು ಅಮ್ಮ ಕೇಳಿದ್ದಕ್ಕೆ ಅಪ್ಪ ನಕ್ಕ ನಗು, ವಿಮಾನದಲ್ಲಿ ಯಾರೋ ಏಣಿ ಇದೆಯಾ ಎಂದು ಕೇಳಿದಾಗ ಪೈಲಟ್ ನಗುವ ನಗು.

ಆಂಟಿ ಡೈರಿ ಮುಚ್ಚಿದರು. “ಆತು. ಅದು ಬಿದ್ರ, ನೀ ಸ್ಟೇಜ್ ಮ್ಯಾಲೆ ನಿಂತು ಹತ್ತು ಮಿನಿಟ್ ಕನ್ನಡದಾಗ ಮಾತಾಡಬೇಕು. ಚೀಟಿ ಇಲ್ದ. ಬೀಳಲಿಲ್ಲಂದ್ರ, ಕನ್ನಡ ಮಾತಾಡು ಅಂತ ಇನ್ನ ಯಾವತ್ತೂ ಕೇಳೂದಿಲ್ಲ.”

ಜೀವಮಾನದ ಬಿಡುಗಡೆ, ಅದೂ ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತೊಂಬತ್ತರ ಗ್ಯಾರಂಟಿಯಲ್ಲಿ. ಒಪ್ಪಿಕೊಂಡೆ.

ಯುಗಾದಿ ಕೂಟದ ಹಿಂದಿನ ದಿನ, ಶುಕ್ರವಾರ ಮಧ್ಯಾಹ್ನ, ನಮ್ಮ ಪಾಲಿಗೆ ಏನು ಬಂದಿದೆ ನೋಡಲು ಅಮ್ಮ ಸೈಟ್ ತೆರೆಯಹೋದರು. ತೆರೆಯಲಿಲ್ಲ. ಫೋನಿನ ದೋಷ ಎಂದರು ಅಪ್ಪ. ಆಮೇಲೆ ವೈಫೈಯ ದೋಷ. ಕೊನೆಗೆ, ಕಂಪನಿಯ ಸ್ಥಿತಿಗತಿ ತೋರಿಸುವ ಪುಟ ತೆಗೆದು ನಮ್ಮ ಮೂಗಿನ ಕೆಳಗೆ ಹಿಡಿದರು. ಸಾಲಾಗಿ ಹಸಿರು ದೀಪ. ಕಣ್ಣಿಗೆ ತಂಪಾಗುವಷ್ಟು ಹಸಿರು. ಸೈಟ್ ಮಾತ್ರ ಇರಲಿಲ್ಲ. ಅಮ್ಮ ಹುಣಿಸೆಹಣ್ಣು ನೆನೆಹಾಕಿದರು. ಮೂರು ಗಂಟೆ ಕಾರಿನಲ್ಲಿ ಕೂತರೂ ಕೆಡದ ಅಡುಗೆ ಪುಳಿಯೋಗರೆ.

ಶನಿವಾರ ಬೆಳಿಗ್ಗೆ ಅರ್ಧ ದಾರಿಯ ವೇಕೋ ಊರು ದಾಟುವಾಗಲೂ ಸೈಟ್ ಇರಲಿಲ್ಲ. ಅಪ್ಪ ಗ್ಯಾಸ್ ಸ್ಟೇಶನ್ ಪಕ್ಕ ಕಾರು ನಿಲ್ಲಿಸಿದರು. ಆಫೀಸಿನ ಗೆಳೆಯರಿಗೆ ಹೇಳಿದರೆ ಮರ್ಯಾದೆ ಹೋಗುತ್ತದೆಂದು, ಸಾಮಾನ್ಯ ಗಿರಾಕಿಯಂತೆ ತಮ್ಮದೇ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರು. ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಅಲ್ಲಿಯವರು ಇಪ್ಪತ್ತೈದು ನಿಮಿಷ ಕೊಳಲು ಊದಿಸಿದರು. ಆ ಕೊಳಲಿಗೆ ಆಫೀಸಿನಲ್ಲಿ ವೋಟು ಹಾಕಿದವರಲ್ಲಿ ಅಪ್ಪನೂ ಒಬ್ಬರು. ಕೊನೆಗೆ ಒಂದು ಮೃದುವಾದ ದನಿ, ನಿಮ್ಮ ದೂರನ್ನು ನಮ್ಮ ಅತ್ಯಂತ ಅನುಭವಿ ಎಂಜಿನಿಯರ್‌ಗೆ ಒಪ್ಪಿಸಿದ್ದೇವೆ ಎಂದು ಸಮಾಧಾನ ಹೇಳಿತು. ಫೋನ್ ಇಟ್ಟ ಮರುಗಳಿಗೆ ಅಪ್ಪನ ಇನ್ನೊಂದು ಜೇಬಿನಲ್ಲಿ ಆಫೀಸಿನ ಫೋನ್ ಟಿಣ್ ಅಂದಿತು.

“ಯಾರಿಗೆ ಕೊಟ್ರಂತೆ?” ಎಂದರು ಅಮ್ಮ.

ಅಪ್ಪ ಲ್ಯಾಪ್‌ಟಾಪ್ ತೆಗೆದು ಹಿಂದಿನ ಸೀಟಿಗೆ ಬಂದು ಕೂತರು. ಉಳಿದ ದಾರಿ ಅಮ್ಮ ಡ್ರೈವ್ ಮಾಡಿದರು, ಹಾಡು ಗುನುಗುತ್ತ.

ಕೂಟಕ್ಕೆ ಬರಲೆಂದು ಅಪ್ಪ ಆ ವಾರಾಂತ್ಯದ ಪಾಳಿಯನ್ನು ಯಾರಿಗೋ ವಹಿಸಿದ್ದರು. ಹಸಿರು ದೀಪ ನೋಡಿಕೊಂಡು ಆ ಮನುಷ್ಯ ಲೂಯಿಸ್‌ವಿಲ್ ಕೆರೆಗೆ ಬೋಟಿಂಗ್ ಹೋಗಿದ್ದ. ದೀಪದ ರಹಸ್ಯ ಅಪ್ಪನಿಗೆ ಗೊತ್ತಾದದ್ದು ಮುಂದಿನ ಊರು ಟೆಂಪಲ್ ಹತ್ತಿರ: ಕಾವಲಿಗಿಟ್ಟ ಕಂಪ್ಯೂಟರೇ ಎಲ್ಲಕ್ಕಿಂತ ಮೊದಲು ಬಿದ್ದಿತ್ತು. ಬೀಳುವ ಮುಂಚೆ ಅದು ಆಡಿದ ಕೊನೆಯ ಮಾತು, ಎಲ್ಲ ಸೌಖ್ಯ.

ಹಾಲ್‌ನ ಮೇಜಿನ ಮೇಲೆ ಹದಿನಾಲ್ಕು ಅಲ್ಯೂಮಿನಿಯಂ ಟ್ರೇಗಳಿದ್ದವು. ಹದಿನಾಲ್ಕರಲ್ಲೂ ಪುಳಿಯೋಗರೆ. ಪಟ್ಟಿ ಕಾಣದೆ ಡಲ್ಲಾಸ್, ಹ್ಯೂಸ್ಟನ್ ಎರಡೂ ಕಡೆಯವರು ಒಂದೇ ಬುದ್ಧಿ ಓಡಿಸಿದ್ದರು. ಯುಗಾದಿಗೆ ಒಂದು ಹೋಳಿಗೆ ಇಲ್ಲ, ಒಂದು ಕೋಸಂಬರಿ ಇಲ್ಲ. ಆಸ್ಟಿನ್‌ನವರು ಮಾತ್ರ ದಾರಿ ಹತ್ತಿರವೆಂದು ಪಾತ್ರೆಗಳಲ್ಲಿ ಮೊಸರನ್ನ ತಂದಿದ್ದರು.

ಎಲ್ಲರೂ ಕೇಟಿ ಆಂಟಿಯ ಕೈಚೀಲ ನೋಡಿದರು. ನಾನೂ ನೋಡಿದೆ. ಡೈರಿ ಹೊರಬಂದಿದ್ದರೆ, ಸೈಟ್ ಬಿದ್ದರೂ ಪಟ್ಟಿ ಉಳಿಯಿತಲ್ಲ ಎಂದು ವಾದ ಹೂಡಲು ಸಜ್ಜಾಗಿದ್ದೆ.

“ಈ ಸಲ ಡೈರ್ಯಾಗ ಏನೂ ಬರ್ದ ಇಲ್ಲ,” ಎಂದರು ಆಂಟಿ. “ನೀ ಅಷ್ಟ ಖಾತ್ರೀಲೆ ಹೇಳಿದ್ಯಲ್ಲೋ.”

ಬೈದಿದ್ದರೆ ಇಂಗ್ಲಿಷಿನಲ್ಲಿ ತಪ್ಪಿಸಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಸ್ಟೇಜ್ ಹತ್ತಿದೆ.

ಮೊದಲ ಎರಡು ನಿಮಿಷ ‘ಎಲ್ಲರಿಗೂ ನಮಸ್ಕಾರ’ವನ್ನು ಹದಿನೆಂಟು ರೀತಿಯಲ್ಲಿ ಹೇಳಿದೆ. ಆಮೇಲೆ ಬೇರೇನೂ ತೋಚದೆ ವೇಕೋದ ಕೊಳಲಿನ ಕಥೆ ತೆಗೆದೆ. ಅಪ್ಪ ತಾವು ಕೊಟ್ಟ ದೂರು ತಮ್ಮದೇ ಜೇಬಿಗೆ ಬಂದು ಬಿತ್ತು ಅಂದಾಗ ಹಾಲ್ ನಕ್ಕಿತು. ಒಂದು ದಿನ ಪೂರ್ತಿ ಬಿದ್ದ ಸೈಟು ಇಪ್ಪತ್ತೇಳು ವರ್ಷದ ಕೋಟಾ ಮುಗಿಸಿದೆ, ಇನ್ನು ನನ್ನ ಮಕ್ಕಳ ಕಾಲದವರೆಗೆ ಬೀಳುವ ಹಾಗಿಲ್ಲ ಅಂದೆ. ಮೊದಲ ಸಾಲಿನಲ್ಲಿ ಲ್ಯಾಪ್‌ಟಾಪ್ ಕುಟ್ಟುತ್ತಿದ್ದ ಅಪ್ಪ ಅಷ್ಟರಲ್ಲಿ ಹೆಬ್ಬೆರಳೆತ್ತಿದರು. ಸೈಟ್ ಎದ್ದಿತ್ತು. ಎದ್ದದ್ದೇ, ಹಿಂದಿನ ಸಂಜೆಯ ಕೆಲಸ ಬಾಕಿ ಇದೆಯೆಂದು ಅದಕ್ಕೆ ನೆನಪಾಯಿತು. ಹಾಲ್‌ನ ಅಷ್ಟೂ ಫೋನ್‌ಗಳು ಒಟ್ಟಿಗೆ ಟಿಣ್ ಅಂದವು: ನಾಳೆ ನೀವು ತರಬೇಕಾದದ್ದು ಹೋಳಿಗೆ. ನಾಳೆ ನೀವು ತರಬೇಕಾದದ್ದು ಕೋಸಂಬರಿ. ಆ ನಗುವಿನಲ್ಲಿ ನನ್ನ ಕೊನೆಯ ಮೂರು ನಿಮಿಷ ತೇಲಿಹೋಯಿತು.

ಹೊರಡುವಾಗ ಆಂಟಿ, ಮುಂದಿನ ಯುಗಾದಿಯ ಪಟ್ಟಿ ನಾನೇ ಬರೆಯಬೇಕು, ಕನ್ನಡದಲ್ಲೇ, ಮನೆಮನೆಗೆ ಫೋನ್ ಮಾಡಿ, ಎಂದರು. ಮರುವಾರ ಅಂಚೆಯಲ್ಲಿ ಡೈರಿ ಬಂತು, ಎಣ್ಣೆಸಮೇತ. ಅಪ್ಪ ಅದನ್ನು ತಿರುವಿ ನೋಡಿ, “ಬರೆದಾದ್ಮೇಲೆ ಒಂದು ಫೋಟೋ ತೆಗೆದು ಕ್ಲೌಡಲ್ಲಿ ಹಾಕಿಡು. ಪೇಪರ್ ನಂಬಕ್ಕಾಗಲ್ಲ,” ಎಂದರು. ತಮಾಷೆಗಲ್ಲ.

ಈಗ ಆ ಡೈರಿ ನನ್ನ ಮುಂದಿದೆ. ಒಂಬತ್ತು ಮನೆಗೆ ಫೋನ್ ಮಾಡಿ ಆಗಿದೆ. ಏನು ತರುತ್ತೀರಿ ಎಂದು ಕೇಳಿದರೆ ಯಾರೂ ಕೂಡಲೇ ಹೇಳುವುದಿಲ್ಲ. ಮೊದಲು ಅವರೇ ಕೇಳುತ್ತಾರೆ, ಪೆನ್ನಲ್ಲೇ ಬರೀತಿದೀಯ ತಾನೆ, ಎಂದು.