ನಮ್ಮವರ ಹಾಡು ಓಡಬೇಕಾದ ವೇಗ

ನಮ್ಮವರು ಹೊಲಿಗೆ ಮಿಶನ್ ರಿಪೇರಿ ಮಾಡುತ್ತಿದ್ದರು. ಸಂಜೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಆರ್ಗನ್ ಬಾರಿಸುತ್ತಿದ್ದರು. ಅದಕ್ಕೆ ಪ್ರೋಗ್ರೆಸಿವ್ ರಾಕ್ ಅನ್ನುತ್ತಾರಂತೆ. ಅಂದರೆ ಮುಂದಕ್ಕೆ ಹೋಗುವ ಸಂಗೀತ ಎಂದು ನನ್ನ ತಮ್ಮ ಅರ್ಥ ಹೇಳಿದ. ಇವರು ಹುಡುಗರಾಗಿದ್ದಾಗ ಕೇಳಿದ ಸದ್ದನ್ನು ಬಿಟ್ಟು ಒಂದು ಹೆಜ್ಜೆ ಮುಂದೆ ಹೋದವರಲ್ಲ.

"ಈಗ ಯಾರ್ರೀ ಇಂಥದ್ದು ಕೇಳ್ತಾರೆ?" ಅಂದರೆ, "ಆಗಲೂ ಯಾರೂ ಕೇಳ್ತಿರಲಿಲ್ಲ ಕಣೇ," ಅನ್ನುತ್ತಿದ್ದರು.

ಇವರು ಮಾಡಹೊರಟ ಆಲ್ಬಮ್ಮಿಗೆ ಎರಡೇ ಹಾಡು. ಗ್ರಾಮಫೋನ್ ತಟ್ಟೆಯ ಈ ಬದಿಗೊಂದು, ಆ ಬದಿಗೊಂದು. ಇವರು ಬಾಯಿ ತೆರೆದು ಹಾಡುವ ಹೊತ್ತಿಗೆ ನಾನು ಎರಡು ಲಂಗದ ಅಂಚು ಹೊಲಿದು ಮುಗಿಸಿರುತ್ತಿದ್ದೆ.

ಡ್ರಮ್ಮು ನನ್ನ ತಮ್ಮನದು. ಕ್ಷೌರದ ಅಂಗಡಿ ಇಟ್ಟಿದ್ದಾನೆ. ಗಿರಾಕಿಯ ತಲೆಯ ಮೇಲೂ ತಾಳ ಹಾಕುವವನು.

ಹಾಡು ಹಿಡಿದದ್ದು ಹಳೇ ಟೇಪ್ ಮಿಶನ್ನಿನಲ್ಲಿ. ಅದರ ಬೆಲ್ಟು ಹರಿದಾಗ ಹೊಲಿಗೆ ಮಿಶನ್ನಿನ ಬೆಲ್ಟನ್ನೇ ಕತ್ತರಿಸಿ ಹಾಕಿದರು. "ಚಕ್ರ ತಿರುಗಿದ್ರೆ ಸಾಕು," ಅಂದರು. ತಟ್ಟೆ ಮಾಡಿಸುವ ಮೊದಲೇ ಹೋಗಿಬಿಟ್ಟರು. ಐದು ತಿಂಗಳಾಯಿತು. ಊಟಕ್ಕೆ ಕರೆಯಲು ಈಗಲೂ ಬಾಯಿ ತೆರೆಯುತ್ತೇನೆ.

ತಮ್ಮ ನನ್ನನ್ನು ರೆಕಾರ್ಡಿಂಗ್ ಅಂಗಡಿಗೆ ಕರೆದುಕೊಂಡು ಹೋದ. ಅಲ್ಲಿಯವನು ಟೇಪನ್ನು ತನ್ನ ಒಳ್ಳೇ ಮಿಶನ್ನಿಗೆ ಹಾಕಿದ. ಇವರ ದನಿ ಬೆಲೂನಿನಿಂದ ಗಾಳಿ ಬಿಟ್ಟಂತೆ ಕೀಚಲಾಗಿ ಬಂತು. ಮೊದಲು ನಗು ಬಂತು. ಆಮೇಲೆ ಸೆರಗಿನಿಂದ ಕಿವಿ ಮುಚ್ಚಿಕೊಂಡೆ. ಇದು ಇವರಲ್ಲ.

"ಹಿಡಿಯುವಾಗ ಟೇಪು ನಿಧಾನ ಓಡಿದೆ, ಅದಕ್ಕೇ ಸರಿಯಾದ ವೇಗದಲ್ಲಿ ಹಾಕಿದ್ರೆ ಕೀಚಲು," ಅಂದ ಅಂಗಡಿಯವನು. "ಆ ಮಿಶನ್ ಇದ್ದಿದ್ರೆ ಎಷ್ಟು ನಿಧಾನ ಅಂತ ಗೊತ್ತಾಗ್ತಿತ್ತು."

ಅದನ್ನು ಇವರೇ ಬಿಚ್ಚಿ ಇನ್ಯಾವುದಕ್ಕೋ ಜೋಡಿಸಿ ಮುಗಿಸಿದ್ದರು.

"ಹೀಗೇ ಇರ್ಲಿ ಅಕ್ಕ," ಅಂದ ತಮ್ಮ. "ಚುರುಕಾಗಿದೆ. ಭಾವನ ಹಾಡಿಗೆ ಈಗ ಜೀವ ಬಂದಿದೆ."

ಇವನಿಗೇಕೆ ಇಷ್ಟು ಅವಸರ ಎಂದುಕೊಂಡೆ. ಅಂಗಡಿಯವನೇ ಗುಟ್ಟು ಒಡೆದ. ನಿಧಾನ ಮಾಡಿದರೆ ಹಾಡು ಉದ್ದವಾಗುತ್ತದೆ, ತಟ್ಟೆಯ ಒಂದು ಬದಿ ಸಾಲುವುದಿಲ್ಲ. ಏನಾದರೂ ತೆಗೆಯಬೇಕು. ತೆಗೆಯಲು ಬರುವುದು ನಡುವೆ ತಮ್ಮ ಒಬ್ಬನೇ ಡ್ರಮ್ಮು ಬಡಿಯುವ ಮೂರು ನಿಮಿಷ ಮಾತ್ರ.

"ಅಷ್ಟಕ್ಕೂ ಎಷ್ಟು ನಿಧಾನ ಅಂತ ಯಾರಿಗೆ ಗೊತ್ತು?" ಅಂದ ತಮ್ಮ.

"ನನಗೆ."

ಹಾಡಿಗೆ ಮುಂಚೆ ಇವರು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಾರೆ. ಅಂಗಡಿಯವನು ಗುಂಡಿ ತಿರುಗಿಸುತ್ತಾ ಅಷ್ಟನ್ನೇ ಮತ್ತೆ ಮತ್ತೆ ಹಾಕಿದ. ಮೊದಲು ಯಾರೋ ಹುಡುಗ ಎಣಿಸಿದ. ಆಮೇಲೆ ನನ್ನ ಮೈದುನ ಎಣಿಸಿದ ಹಾಗಿತ್ತು.

"ಇನ್ನೂ," ಅಂದೆ.

ನೆಗಡಿಯಾದ ಎಮ್ಮೆ ಎಣಿಸಿತು.

"ಹೆಚ್ಚಾಯ್ತು. ಒಂದು ಕೂದಲೆಳೆ ಹಿಂದಕ್ಕೆ."

ಮೂರು ಆದ ಮೇಲೆ, ನಾಲ್ಕಕ್ಕೆ ಮುಂಚೆ, ಇವರು ಮೂಗಿನಲ್ಲಿ ಉಸಿರೆಳೆಯುತ್ತಾರೆ. ಮೂವತ್ತೆಂಟು ವರ್ಷ ಪಕ್ಕದಲ್ಲಿ ಮಲಗಿ ಕೇಳಿದ ಉಸಿರು. ಅದು ಬಂತು.

"ನಿಲ್ಲಿಸು. ಇದೇ."

ತಮ್ಮ ಮುಖ ಊದಿಸಿಕೊಂಡಿದ್ದ. "ಇನ್ನೊಂದ್ಸಲ ಹಾಕಿ," ಅಂದ. ಕೇಳಿದ. ತೋಳಿನಿಂದ ಕಣ್ಣೊರೆಸಿಕೊಂಡ.

"ಭಾವನೇ. ಈ ಆಮೆ ನಡಿಗೆಗೆ ಕಾದು ಕಾದೇ ನನ್ನ ಕೈ ಸೋಲ್ತಿದ್ದದ್ದು." ಆಮೇಲೆ ಅಂಗಡಿಯವನ ಕಡೆ ತಿರುಗಿದ. "ನನ್ನದು ತೆಗೀರಿ. ಪೂರ್ತಿ ಬೇಡ. ಒಂದು ನಿಮಿಷ ಇರ್ಲಿ."

"ಅರ್ಧ," ಅಂದೆ.