ನಾಲ್ಕು ಬೆರಳು ಹುಲ್ಲು

ನಾನು ಕಚೇರಿಯ ಕಾರಕೂನ. ಚಿಂತೆ ಮಾಡುವುದೊಂದನ್ನು ಬಿಟ್ಟರೆ ಬೇರಾವ ವಿದ್ಯೆಯಲ್ಲೂ ಪಳಗಿದವನಲ್ಲ. ಮಳೆ ಬಂದರೆ ಗೋಡೆ ಬೀಳುತ್ತದೆಂದು, ಬಾರದಿದ್ದರೆ ಬಾವಿ ಬತ್ತುತ್ತದೆಂದು, ಎರಡೂ ಆಗದೆ ದಿನ ಸುಮ್ಮನೆ ಕಳೆದರೆ ಏನನ್ನೋ ಮರೆತಿದ್ದೇನೆಂದು ಚಿಂತೆ.

ಯುದ್ಧದ ವರ್ಷಗಳವು. ವಿಧವೆಯಾದ ಅಕ್ಕ ಧಾರವಾಡದ ನನ್ನ ಮನೆಗೆ ಬಂದಾಗ ಜೊತೆಗೆ ತಂದದ್ದು ಒಂದು ಟ್ರಂಕು, ಒಂದು ಕಪಿಲಿ ಆಕಳು. ತಾಯಿ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಹೊಟ್ಟೆಯ ಬೇನೆಯಿಂದ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಆ ಆಕಳ ಹಾಲೇ ಊಟ. ಗವಳಿ ಮಾರುವ ಹಾಲು ಕುಡಿದರೆ ವಾಂತಿ. ಲಷ್ಕರದ ಕುದುರೆಗಳಿಗೆಂದು ಗುತ್ತಿಗೆದಾರರು ಸುತ್ತಲಿನ ಹುಲ್ಲನ್ನೆಲ್ಲ ಹೇರಿಕೊಂಡು ಹೋಗುತ್ತಿದ್ದರಿಂದ ಪೇಟೆಯಲ್ಲಿ ಮೇವು ಕಾಣುತ್ತಿರಲಿಲ್ಲ. ನಮಗಿದ್ದದ್ದು ಲಕಮನಹಳ್ಳಿಯ ಬಳಿ, ರೈಲುಹಳಿಗೆ ಹತ್ತಿದ ಹುಲ್ಲಿನ ಪಟ್ಟಿಯೊಂದೇ. ಭಾದ್ರಪದದಲ್ಲಿ ಒಂದು ಕೊಯ್ಲು. ಚಿತ್ತಿ ಮಳೆಗೆ ಮತ್ತೆ ಚಿಗಿತ ಹುಲ್ಲಿನದು ಇನ್ನೊಂದು. ಎರಡೂ ಕೂಡಿದರೆ ಮಾತ್ರ ಆಕಳು ಬೇಸಿಗೆ ದಾಟುತ್ತಿತ್ತು.

ಕೊಯ್ಲಿಗೆ ಬರುವ ಹೆಂಗಸರಿಗೆ ಒಬ್ಬ ಮುದುಕಿ ಹಿರಿಯಳು. ಎಡಗೈಯ ನಾಲ್ಕು ಬೆರಳನ್ನು ನೆಲಕ್ಕೆ ಅಡ್ಡಲಾಗಿ ಇಟ್ಟು ನೋಡಿ, ಅದರ ಮೇಲೆ ಕುಡುಗೋಲು ಹಾಕುವುದು ಅವರ ಪದ್ಧತಿ. ಆ ವರ್ಷದ ಮೊದಲ ಕೊಯ್ಲಿನ ದಿನ ನಾನೂ ಕೊಡೆ ಹಿಡಿದು ನಿಂತಿದ್ದೆ. ಗೂಡ್ಸ್ ಗಾಡಿಯೊಂದು ಹಾದುಹೋಯಿತು. ಇಂಜಿನ್ನಿನ ಕಿಡಿಯೊಂದು ನನ್ನ ಕೋಟಿನ ತೋಳನ್ನು ಚುರ್ರೆನ್ನಿಸಿತು. ಸಾಕಲ್ಲ! ಬಿಟ್ಟ ಬುಡ ಒಣಗಿದಂತೆ, ಕಿಡಿ ಬಿದ್ದಂತೆ, ಬೆಂಕಿ ಬಣವೆಗೆ ಹತ್ತಿದಂತೆ ಎಲ್ಲವೂ ಕಣ್ಣಿಗೆ ಕಟ್ಟಿತು. ನೆಲಮಟ್ಟ ಕೊಯ್ಯಿರಿ, ಒಂದು ಬೆರಳೂ ಬಿಡಬೇಡಿ ಎಂದೆ.

ಮುದುಕಿ ನೆಟ್ಟಗಾದಳು. "ರಾಯರ, ಹುಲ್ಲಿನ ಜೀವ ತುದ್ಯಾಗ ಇರಂಗಿಲ್ರಿ. ಬುಡದ ಗೆಣ್ಣಿನ್ಯಾಗ ಇರತೈತಿ. ಅದನ್ನ ಕೊಯ್ದ್ರ ಎಲ್ಲಿಂದ ಚಿಗೀಬೇಕ್ರಿ?"

ಬೆಂಕಿ ಹತ್ತಿದರೆ ಬಂದು ಆರಿಸುವವಳು ನೀನೇನು ಎಂದು ಕೇಳಿದೆ.

"ಹಸೀ ಹುಲ್ಲು ಹತ್ತಿ ಉರದದ್ದು ನಾ ಇನ್ನೂ ನೋಡಿಲ್ರಿ. ಇರ್ಲಿ, ಹೊಲಾ ನಿಮ್ದು, ಅಂಜಿಕೀನೂ ನಿಮ್ದು," ಎಂದು ಬಗ್ಗಿದಳು.

ಬಣವೆ ಎಂದಿಗಿಂತ ದೊಡ್ಡದಾಯಿತು. ಸಂಜೆ ಅಕ್ಕನೆದುರು ಜಂಬ ಕೊಚ್ಚಿದೆ. ಆಕಳ ಕೊರಳಿನ ಗಂಗೆದೊಗಲು ಸವರುತ್ತಿದ್ದ ಅವಳ ಕೈ ನಿಂತಿತು.

"ಹಂಗಾರ ಮತ್ತ ಚಿಗೀತದೇನೋ ತಮ್ಮಾ?"

ಹುಲ್ಲಿಗೆ ಚಿಗಿಯುವುದನ್ನು ಯಾರಾದರೂ ಕಲಿಸಬೇಕೇ ಎಂದು ನಕ್ಕುಬಿಟ್ಟೆ.

ಚಿತ್ತಿ ಮಳೆ ಚೆನ್ನಾಗಿಯೇ ಬಂತು. ಅದೇ ಹೆಂಗಸರು ಕೊಯ್ದ ಬದಿಯ ಹೊಲ ಎಂಟೇ ದಿನದಲ್ಲಿ ಹಸಿರಾಯಿತು. ನನ್ನದರಲ್ಲಿ ಬೆಳ್ಳಗಿದ್ದ ಬುಡಗಳು ಮೊದಲು ಕಂದಿದವು, ಆಮೇಲೆ ಕರಿದಾದವು. ರಜೆಯ ದಿನವೆಲ್ಲ ಹೋಗಿ ಮೊಣಕಾಲೂರಿ ಮಣ್ಣು ಕೆದಕಿ ನೋಡುತ್ತಿದ್ದೆ. ಬೇಲಿಯ ಬುಡದಲ್ಲಿ ಮಾತ್ರ ಒಂದು ಮೊಳ ಅಗಲದ ಸಾಲು ಮೊಣಕಾಲೆತ್ತರ ಬೆಳೆದಿತ್ತು. ನಾನು ಇಂಜಿನ್ನಿನ ಹೊಗೆ ನೋಡುತ್ತ ನಿಂತಾಗ ಮುದುಕಿ ಅಲ್ಲಿ ತನ್ನ ನಾಲ್ಕು ಬೆರಳನ್ನು ಬಿಟ್ಟಿದ್ದಳು.

ಶಿವರಾತ್ರಿಗೆ ಬಣವೆ ಮುಗಿಯಿತು. ಬೇಲಿಯ ಹುಲ್ಲೂ ಮುಗಿಯಿತು. ಆಕಳ ಪಕ್ಕೆಲುಬುಗಳು ಎದ್ದವು. ಹಾಲು ಒಂದು ಬಟ್ಟಲಿಗೆ ಇಳಿಯಿತು. ದೂರದ ಬೆಂಗೇರಿಯ ಗವಳಿಯೊಬ್ಬನಲ್ಲಿ ಜೋಳದ ಕಣಕಿಯ ಮೇವು ಇತ್ತು. ಅಕ್ಕನೇ ಹೇಳಿಕಳಿಸಿ ಅವನನ್ನು ಕರೆಸಿದಳು, ತಾನೇ ಹಗ್ಗವನ್ನು ಅವನ ಕೈಗಿಟ್ಟಳು. "ಹೊಟ್ಟಿ ತುಂಬ ಹಾಕಪಾ, ಅಷ್ಟ ಸಾಕು," ಎಂದಳು. ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಒಂದಿಷ್ಟು ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

ದಿನವೂ ಅದೇ ಆಕಳ ಹಾಲನ್ನು ತರಿಸಿ ನೋಡಿದೆ. ಬೆಂಗೇರಿಯಿಂದ ಬರುವಷ್ಟರಲ್ಲಿ ಬಿಸಿಲಿಗೆ ಒಡೆಯುತ್ತಿತ್ತು. ಗಂಜಿಯ ತಿಳಿಯ ಮೇಲೆ ಅಕ್ಕ ಜ್ಯೇಷ್ಠದವರೆಗೆ ಇದ್ದಳು. ಆ ವರ್ಷ ಪಟ್ಟಿಯಲ್ಲಿ ಎಲ್ಲಿಯೂ ಬೆಂಕಿ ಕಾಣಲಿಲ್ಲ. ಕಿಡಿ ಬಿದ್ದಿದ್ದರೂ ಸುಡಲು ಅಲ್ಲೇನಿತ್ತು?

ಮುಂದಿನ ಭಾದ್ರಪದದಲ್ಲಿ ಮುದುಕಿ ಬಂದು ಬೇಲಿಯ ಸಾಲಿನದನ್ನು ಕೊಯ್ಯಲೇ ಎಂದು ಕೇಳಿದಳು. ನೀನೇ ಒಯ್ಯಿ, ನಮ್ಮಲ್ಲಿ ತಿನ್ನುವವರಿಲ್ಲ ಎಂದೆ. ಅವಳು ಬೆರಳಿಟ್ಟು ತಲೆಯೆತ್ತಿದಳು.

"ಇಷ್ಟು ಬಿಡ್ಲೇನ್ರಿ?"

ಗೋಣು ಹಾಕಿದೆ. ಅಷ್ಟರಲ್ಲಿ ಗೂಡ್ಸ್ ಗಾಡಿ ಬಂತು. ನನ್ನ ಕಣ್ಣು ಕಿಡಿ ಹುಡುಕುತ್ತ ಇಂಜಿನ್ನಿನ ಕಡೆಗೇ ಹೋಯಿತು.