ಮುಖಂಡರು ತುಂಬಿಕೊಟ್ಟ ಅರ್ಜಿ

ದಾಂಡೇಲಿಯ ಒಂದು ಪ್ಲೈವುಡ್ ಕಾರ್ಖಾನೆಯಲ್ಲಿ ನಾನು ಹನ್ನೆರಡು ವರ್ಷ ಮರದ ತೆಳು ಹಾಳೆಗಳಿಗೆ ಅಂಟು ಬಳಿದವಳು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ಅದು ಮುಚ್ಚಿತು. ಸಂಬಳದಲ್ಲಿ ವಿಮೆಯ ಕಂತು ಕಡಿತವಾಗುತ್ತಿದ್ದವರಿಗೆ, ಕಾರ್ಖಾನೆ ಮುಚ್ಚಿ ಕೆಲಸ ಹೋಗಿದ್ದರೆ, ಕೆಲವು ತಿಂಗಳು ನಿರುದ್ಯೋಗ ಭತ್ಯೆ ಸಿಗುತ್ತದೆ ಎಂದು ಸುದ್ದಿ ಬಂತು. ಅರ್ಜಿ ಮಾತ್ರ ಇಂಗ್ಲಿಷಿನಲ್ಲಿತ್ತು. ನಾನು ಕಲಿತದ್ದು ಕನ್ನಡ ಶಾಲೆಯ ಏಳನೆಯ ಇಯತ್ತೆ.

ಆಗ ಎದ್ದು ನಿಂತವರು ನಮ್ಮ ಕಾರ್ಮಿಕ ಸಂಘದ ಮುಖಂಡರು. ತಾವೂ ನಮ್ಮಂತೆಯೇ ಯಂತ್ರದ ಮುಂದೆ ಬೆವರು ಸುರಿಸಿದವರು ಎನ್ನುತ್ತಿದ್ದರು. ನಾನಂತೂ ಅವರನ್ನು ಗೇಟಿನ ಮುಂದೆ ಕಂಡಷ್ಟು ಯಂತ್ರದ ಮುಂದೆ ಕಂಡಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಝೆರಾಕ್ಸ್ ಅಂಗಡಿಯಲ್ಲಿ ಮೇಜು ಹಾಕಿ, ‘ಕಾರ್ಮಿಕರ ಸಹಾಯ ಕೇಂದ್ರ’ ಎಂದು ಬೋರ್ಡು ಬರೆಸಿದರು. ಬೋರ್ಡಿನಲ್ಲಿ ‘ಕಾರ್ಮಿಕರ’ ಎಂಬ ಪದಕ್ಕಿಂತ ಅವರ ಹೆಸರೇ ದಪ್ಪಗಿತ್ತು.

‘ಅಕ್ಕಾರ, ಚಿಂತಿ ಬ್ಯಾಡ್ರಿ. ನಾ ಇದ್ದೇನಿ. ಸಹಿ ಮಾಡ್ರಿ, ಮನಿಗೆ ಹೋಗ್ರಿ,’ ಎಂದರು.

ನಾವು ಇಪ್ಪತ್ತು ಹೆಂಗಸರು ಸಾಲಾಗಿ ನಿಂತು ಸಹಿ ಮಾಡಿದೆವು. ಅವರು ತಮ್ಮ ಮುಂದಿದ್ದ ಒಂದು ಹಾಳೆ ನೋಡಿ ನೋಡಿ ನಮ್ಮೆಲ್ಲರ ಅರ್ಜಿ ತುಂಬಿದರು. ಎಷ್ಟು ಇಂಗ್ಲಿಷ್ ಬರುತ್ತದಪ್ಪಾ ಎಂದು ನಾವು ಬೆರಗಾದೆವು. ನಮ್ಮ ದಡ್ಡತನಕ್ಕೂ ಒಂದು ಬೋರ್ಡು ಬರೆಸಬೇಕಿತ್ತು.

ಎರಡು ತಿಂಗಳಾದ ಮೇಲೆ ಅರ್ಜಿಗಳೆಲ್ಲ ಅಂಚೆಯಲ್ಲಿ ವಾಪಸು ಬಂದವು. ಒಂದು ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು. ಮುಖಂಡರು ಅದರ ಮೇಲೆ ಸುಮ್ಮನೆ ಕಣ್ಣಾಡಿಸಿ, ‘ಇದು ಬಡವರ ಮ್ಯಾಲಿನ ಕುತಂತ್ರ. ಹೋರಾಟ ಮಾಡೂಣು,’ ಎಂದರು. ಒಂದು ದಿನವಿಡೀ ನಮ್ಮನ್ನು ವಿಮಾ ಕಚೇರಿಯ ಮುಂದೆ ಬಿಸಿಲಿನಲ್ಲಿ ಕೂರಿಸಿದರು. ಫೋಟೋದವನು ಬಂದು ಹೋದ ಹತ್ತು ನಿಮಿಷಕ್ಕೆ ಅವರಿಗೆ ಎಲ್ಲೋ ತುರ್ತು ಕೆಲಸ ಬಂತು.

ಮಾರನೆಯ ದಿನ ನಾನೂ, ನನ್ನ ಜೊತೆ ಅಂಟು ಬಳಿಯುತ್ತಿದ್ದ ಮುಂಡಗೋಡ ಕಡೆಯ ಹಳ್ಳಿಯ ಗೆಳತಿಯೂ ವಾಪಸು ಬಂದ ಅರ್ಜಿ ಹಿಡಿದು ಹಳಿಯಾಳದ ಬಸ್ಸು ಹತ್ತಿದೆವು. ನಮ್ಮ ಕಾರ್ಖಾನೆಯಲ್ಲಿ ಹಾಜರಿ ಬರೆಯುತ್ತಿದ್ದ ಚಾಚಾ ಅಲ್ಲಿದ್ದರು. ಐದು ನಿಮಿಷ ತಡವಾದರೂ ಕೆಂಪು ಶಾಯಿ ಹಚ್ಚುತ್ತಿದ್ದರೆಂದು ಅವರನ್ನು ಹಿಂದಿನಿಂದ ಬೈದವರಲ್ಲಿ ನಾವೇ ಮೊದಲಿಗರು. ಅವರು ಅದನ್ನೆಲ್ಲ ಕೇಳಿಸಿಕೊಂಡೇ ಇದ್ದಿರಬೇಕು. ಆದರೂ ಚಹಾ ತರಿಸಿ, ಕನ್ನಡಕ ಹಾಕಿಕೊಂಡು ಅರ್ಜಿ ಓದಿದರು. ಓದುತ್ತಾ ನಗತೊಡಗಿದರು.

‘ತಂಗೀ, ನೀವು ಕೆಲಸಾ ಯಾಕ ಬಿಟ್ರಿ?’

‘ನಾವೆಲ್ಲಿ ಬಿಟ್ಟೇವಿ ಚಾಚಾ? ಕಾರ್ಖಾನಿನೇ ಬಂದ್ ಆತಲ್ಲ!’

‘ಇದರಾಗ ಸ್ವಂತ ಇಚ್ಛಾದಿಂದ ರಾಜೀನಾಮಾ ಕೊಟ್ಟೇನಿ ಅಂತ ಬರದೈತಿ. ತಾವಾಗೇ ಬಿಟ್ಟವರಿಗೆ ಭತ್ಯೆ ಇಲ್ಲ.’

ಗೆಳತಿಯ ಅರ್ಜಿಯಲ್ಲೂ ಅದೇ ಇತ್ತು. ಯಾರದನ್ನು ನೋಡಿ ಬರೆದರೋ ಎಂದು ನಾನು ಕೇಳಿದೆ. ಚಾಚಾ ಕನ್ನಡಕ ತೆಗೆದು, ‘ತಮ್ಮದೇ ರಾಜೀನಾಮಾ ಕಾಗದ ನೋಡಿ ಬರದಾರ. ಕಾರ್ಖಾನಿ ಮುಚ್ಚೂ ಮೊದಲ ಅವರು ಮಾಲಕರ ಕೂಡ ಮಾತಾಡಿ, ತಮ್ಮ ಪಾಲಿನ ರೊಕ್ಕ ತಗೊಂಡು, ರಾಜೀನಾಮಾ ಕೊಟ್ಟಿದ್ರು. ರಜಿಸ್ಟರದಾಗ ಅವರ ಹೆಸರು ಹೊಡದ ಹಾಕಿದಾಂವ ನಾನ,’ ಎಂದರು.

ಅಂದರೆ, ನಾವು ಗೇಟಿನ ಹೊರಗೆ ಅವರ ಹೆಸರಿಗೆ ಜಯಕಾರ ಕೂಗುತ್ತಿದ್ದಾಗ ಈ ಮಹಾನುಭಾವರು ಒಳಗಿನ ವ್ಯವಹಾರ ಮುಗಿಸಿಕೊಂಡಿದ್ದರು. ಮೋಸವನ್ನಾದರೂ ನೆಟ್ಟಗೆ ಮಾಡುವಷ್ಟು ಬುದ್ಧಿ ಬೇಡವೇ? ತಮ್ಮ ಕಳ್ಳತನವನ್ನು ಇಪ್ಪತ್ತು ಪ್ರತಿ ಮಾಡಿ, ಇಪ್ಪತ್ತು ಹೆಂಗಸರ ಸಹಿ ಹಾಕಿಸಿ, ಸರ್ಕಾರಕ್ಕೆ ಕಳಿಸಿದವರನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಚಾಚಾ ಅವತ್ತೇ ಹೊಸ ಅರ್ಜಿ ಬರೆದರು. ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿ, ನಾವು ಹೂಂ ಎಂದ ಮೇಲಷ್ಟೇ ಸಹಿ ಮಾಡಿಸಿದರು. ಕಾರ್ಖಾನೆ ಮುಚ್ಚಿದ ನೋಟೀಸಿನ ಪ್ರತಿ ಅವರ ಟ್ರಂಕಿನಲ್ಲೇ ಇತ್ತು. ಉಳಿದ ಹದಿನೆಂಟು ಹೆಂಗಸರನ್ನೂ ನಾವು ಒಬ್ಬೊಬ್ಬರನ್ನಾಗಿ ಅವರಲ್ಲಿಗೆ ಕರೆದೊಯ್ದೆವು. ಭತ್ಯೆ ಬಂತು. ತಡವಾಗಿಯಾದರೂ ಎಲ್ಲರಿಗೂ ಬಂತು.

ಭತ್ಯೆ ಕೊಡಿಸಿದ್ದು ತಾವೇ ಎಂದು ಮುಖಂಡರು ತಮಗೊಂದು ಸನ್ಮಾನ ಇಟ್ಟುಕೊಂಡರು. ಶಾಲು ಅವರೇ ಕೊಂಡು ತಂದಿದ್ದರಂತೆ. ನನ್ನನ್ನು ಕರೆಯಲು ಮನೆಗೂ ಬಂದಿದ್ದರು. ‘ನೀವು ನಾಕು ಮಾತಾಡಬೇಕ್ರಿ ಅಕ್ಕಾರ,’ ಎಂದರು.

‘ನಿಮ್ಮ ರಾಜೀನಾಮಾದ ಮ್ಯಾಲ ಮಾತಾಡ್ಲೇನ್ರಿ?’ ಎಂದೆ.

ಅವರು ಚಪ್ಪಲಿ ಹುಡುಕತೊಡಗಿದರು. ಸನ್ಮಾನ ನಡೆಯಿತು, ಚಪ್ಪಾಳೆಯೂ ಬಿತ್ತು. ನಾನು ಹೋಗಲಿಲ್ಲ, ಅವತ್ತೇ ಅಂಬಿಕಾನಗರದಲ್ಲಿ ಅಡುಗೆ ಕೆಲಸಕ್ಕೆ ಸೇರಿದೆ.